ಏಳು ಚೌಕದ ಕಾಗದ

ಶೈಲಜಾಳ ಮನೆಯ ಫ್ರಿಜ್ಜಿನ ಬಾಗಿಲಿಗೆ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಕಾಗದ ಅಂಟಿಕೊಳ್ಳುತ್ತಿತ್ತು. ವಾರದ ಅಡುಗೆ ಏನು, ಕಸ ವಿಂಗಡಿಸಿ ಹಾಕುವ ಸರದಿ ಯಾರದು, ಬಚ್ಚಲು ಉಜ್ಜುವವರು ಯಾರು, ಎಲ್ಲವೂ ಅದರಲ್ಲಿ ಇರುತ್ತಿತ್ತು. ಕೆಳಗೆ ನಾಲ್ಕು ಚೌಕ. ಒಪ್ಪಿದವರು ತಮ್ಮ ಚೌಕದಲ್ಲಿ ಮುದ್ರೆ ಒತ್ತಬೇಕು. ಒಪ್ಪದವರು ಅದೇ ಮುದ್ರೆಯನ್ನು ತಲೆಕೆಳಗು ಮಾಡಿ ಒತ್ತಬೇಕು. ಹದಿಮೂರು ವರ್ಷದ ಮಗಳು ನಿಧಿ, ಪಟ್ಟಿಯಲ್ಲಿ ಉಪ್ಪಿಟ್ಟು ಕಂಡ ವಾರವೆಲ್ಲ ತಲೆಕೆಳಗಾಗಿಯೇ ಒತ್ತುತ್ತಿದ್ದಳು. ಬೆಂಗಳೂರಿನಿಂದ ತೊಂಬತ್ತು ದಿನದ ವೀಸಾದ ಮೇಲೆ ಬಂದಿದ್ದ ಅತ್ತೆ ಚಂದ್ರಪ್ರಭಾಗೆ ಮುದ್ರೆ ಇರಲಿಲ್ಲ. ಅವರು ಕನ್ನಡದಲ್ಲಿ ದುಂಡಗೆ ರುಜು ಹಾಕುತ್ತಿದ್ದರು. ತಮ್ಮ ಮಗ, ಶೈಲಜಾಳ ಗಂಡ ಹರಿಹರ, ಸತತ ಎರಡು ದಿನ ಬೇಳೆಸಾರು ಬರೆದಿದ್ದರೆ ಮಾತ್ರ ಕಾಗದವನ್ನೇ ಕಿತ್ತು, ತಿರುಗಿಸಿ ಹಿಡಿದು ರುಜು ಹಾಕುತ್ತಿದ್ದರು.

ಈ ಆಟ ಮನೆಗೆ ಬಂದದ್ದು ಶೈಲಜಾಳ ಆಫೀಸಿನಿಂದ. ಜಪಾನಿನ ತ್ಸುಕುಬಾ ಊರಾಚೆಯ ಒಂದು ಸಣ್ಣ ಔಷಧ ಕಂಪನಿಯ ಗುಣಮಟ್ಟ ವಿಭಾಗದಲ್ಲಿ ಅವಳಿಗೆ ಕೆಲಸ. ಅಲ್ಲಿ ಏನೇ ತೀರ್ಮಾನವಾಗಬೇಕಾದರೂ ಒಂದು ಕಾಗದ ಮೇಜಿನಿಂದ ಮೇಜಿಗೆ ಹೊರಡಬೇಕು. ಕಾಗದದ ತಲೆಯಲ್ಲಿ ಏಳು ಚೌಕ, ಏಳು ಜನರ ಮುದ್ರೆ. ಇಲ್ಲಿ ರುಜುವಿನ ಬದಲು ಒಬ್ಬೊಬ್ಬರಿಗೂ ತಮ್ಮ ಹೆಸರಿನದೇ ಒಂದು ಮುದ್ರೆ. ಕೆಳಗಿನವರು ತಮ್ಮ ಮುದ್ರೆಯನ್ನು ಮೇಲಿನವರ ಕಡೆಗೆ ತುಸು ಓರೆಯಾಗಿ ಒತ್ತುತ್ತಾರೆ, ಬಗ್ಗಿ ವಂದಿಸಿದ ಹಾಗೆ. ಸೇರಿದ ಮೊದಲ ತಿಂಗಳಲ್ಲಿ ಶೈಲಜಾ ಕೈತಪ್ಪಿ ತನ್ನ ಮುದ್ರೆಯನ್ನು ತಲೆಕೆಳಗಾಗಿ ಒತ್ತಿಬಿಟ್ಟಿದ್ದಳು. ನೆಲ ಒರೆಸುವ ಹೊಸ ಮಾಪು ಕೊಳ್ಳುವ ಕಾಗದ ಅದು. ನಾಲ್ಕು ದಿನ ಅದು ಇದ್ದಲ್ಲೇ ಕೂತಿತು. ಐದನೆಯ ದಿನ ವಿಭಾಗದ ಮುಖ್ಯಸ್ಥ ಒನುಕಿ-ಸಾನ್ (ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ) ಅವಳನ್ನು ಚಹಾಕ್ಕೆ ಕರೆದು, ಚಳಿಯ ಬಗ್ಗೆ ಹತ್ತು ನಿಮಿಷ ಮಾತಾಡಿ, ಕೊನೆಗೆ ಮಾಪಿನಲ್ಲಿ ಏನಾದರೂ ಕೊರತೆ ಕಂಡಿತೇ ಎಂದು ಮೆಲ್ಲಗೆ ಕೇಳಿದರು. ಬಾಯಿಬಿಟ್ಟು ಬೇಡ ಎನ್ನಲಾಗದವರು ಹಿಂದೆಲ್ಲ ಹೀಗೆ ಒತ್ತುತ್ತಿದ್ದರಂತೆ. ಅವಳ ಮುದ್ರೆ ಗುಂಡಗಿತ್ತು. ತಲೆ ಯಾವುದು ಬುಡ ಯಾವುದು ಎಂದು ತಿಳಿಯಲು ಅಂದು ಸಂಜೆಯೇ ಅದರ ತಲೆಯ ಕಡೆ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟುಕೊಂಡಳು. ಮನೆಯವರಿಗೆ ಹೇಳಿ ನಕ್ಕಳು. ನಿಧಿ ಮರುವಾರವೇ ಫ್ರಿಜ್ಜಿಗೆ ಕಾಗದ ಅಂಟಿಸಿದಳು.

ನಗುವ ಕಾಲ ಅದು. ಫೆಬ್ರವರಿ ಕೊನೆಗೆ ಆ ನಗು ಉಳಿದಿರಲಿಲ್ಲ.

ಕಂಪನಿಯನ್ನು ಚೀನಾದ ಒಂದು ಔಷಧ ಕಂಪನಿ ಕೊಳ್ಳಲಿದೆ ಎಂಬ ಸುದ್ದಿ ಬಂದಿತ್ತು. ಕೊಳ್ಳುವವರ ದಾಖಲೆಗಳು ಇಂಗ್ಲಿಷಿನಲ್ಲಿದ್ದವು. ವಿಭಾಗದಲ್ಲಿ ಇಂಗ್ಲಿಷನ್ನು ಲೀಲಾಜಾಲವಾಗಿ ಓದುವವಳು ಶೈಲಜಾ ಒಬ್ಬಳೇ. ಮುನ್ನೂರು ಪುಟ ಓದಿ, ಎರಡು ಪುಟದ ಜಪಾನಿ ಸಾರಾಂಶ ಮಾಡಿಕೊಡಬೇಕು, ಮೊದಲ ಮುದ್ರೆ ಅವಳೇ ಒತ್ತಬೇಕು ಎಂದರು ಮೇಲಿನವರು. ಅದೇ ಸಾರಾಂಶ ಆಡಳಿತ ಮಂಡಳಿಗೆ, ಅಲ್ಲಿಂದ ಪರಿಶೀಲಿಸುವ ಸರ್ಕಾರಿ ಕಚೇರಿಗೆ ಹೋಗುವುದು. ಓದುತ್ತ ಓದುತ್ತ ಇನ್ನೂರ ಎಂಟನೆಯ ಪುಟದಲ್ಲಿ ಅವಳಿಗೆ ಒಂದು ನಕ್ಷೆ ಸಿಕ್ಕಿತು. ಕೊಳ್ಳುವ ಕಂಪನಿಯ ಮೇಲೊಂದು ಕಂಪನಿ, ಅದರ ಮೇಲೊಂದು ಹೂಡಿಕೆ ಸಂಸ್ಥೆ, ಅದರ ಮೇಲೆ ಇನ್ನೊಂದು, ಎಲ್ಲಕ್ಕೂ ಮೇಲಿನ ಚೌಕದಲ್ಲಿ ಚೀನಾದ ಒಂದು ಪ್ರಾಂತ್ಯ ಸರ್ಕಾರದ ಆಸ್ತಿ ಮಂಡಳಿ. ಈ ಖರೀದಿ ಪ್ರಾಂತ್ಯದ ಐದು ವರ್ಷದ ಯೋಜನೆಗೆ ಅನುಗುಣವಾಗಿದೆ ಎಂದು ಅಡಿಟಿಪ್ಪಣಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು. ಅವಳು ಇದ್ದುದನ್ನು ಇದ್ದ ಹಾಗೆ ಬರೆದಳು: ಅಂತಿಮ ಒಡೆತನ ಪ್ರಾಂತ್ಯ ಸರ್ಕಾರದ್ದು.

ಮೂರು ದಿನದ ಮೇಲೆ ಅವಳದೇ ಸಾರಾಂಶ ಅಂದವಾಗಿ ಬೆರಳಚ್ಚಾಗಿ ಅವಳ ಮೇಜಿಗೆ ವಾಪಸು ಬಂತು. ಎಲ್ಲವೂ ಹಾಗೇ ಇತ್ತು. ಆ ಒಂದು ಸಾಲು ಮಾತ್ರ ಬದಲಾಗಿತ್ತು: ಕೊಳ್ಳುವವರು ಒಂದು ಖಾಸಗಿ ಕಂಪನಿ. ಬಲತುದಿಯ ಮೊದಲ ಚೌಕ ಅವಳ ಮುದ್ರೆಗೆ ಖಾಲಿ ಕಾದಿತ್ತು. ಬದಲಿಸಿದವರು ಯಾರು ಎಂದು ಕೇಳಿದರೆ ಒನುಕಿ-ಸಾನ್, ಮೇಲಿನವರಿಗೆ ಓದಲು ಸುಲಭವಾಗಲಿ ಎಂದು ಇರಬೇಕು ಎಂದರು. ಅವಸರವಿಲ್ಲ, ಮುಂದಿನ ವಾರದೊಳಗೆ ಒತ್ತಿದರೆ ಸಾಕು ಎಂದೂ ಸೇರಿಸಿದರು.

ಮನೆಯಲ್ಲಿ ಅವಸರವಿತ್ತು. ಹರಿಹರನ ಐಟಿ ಕಂಪನಿಯ ಟೋಕಿಯೋ ಪ್ರಾಜೆಕ್ಟ್ ಅಕ್ಟೋಬರಿನಲ್ಲೇ ಮುಚ್ಚಿತ್ತು. ಜೊತೆಗಿದ್ದವರು ಬೆಂಗಳೂರಿಗೆ ಮರಳಿದ್ದರು. ಇವನು ಹೆಂಡತಿಯ ವೀಸಾದ ನೆರಳಿನಲ್ಲಿ ಉಳಿದು, ಬೇರೆ ಕೆಲಸ ಹುಡುಕುತ್ತ, ಅಡುಗೆ ನೋಡಿಕೊಳ್ಳುತ್ತಿದ್ದ. ಕಾಯಂ ವಾಸದ ಅರ್ಜಿಯ ಕಡತ ಊಟದ ಮೇಜಿನ ತುದಿಯಲ್ಲೇ ಇತ್ತು, ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲಿ. ಎಲ್ಲ ಕಾಗದವೂ ಸೇರಿತ್ತು. ಇನ್ನು ಬೇಕಿದ್ದುದು ಒಂದೇ: ಶೈಲಜಾ ತಮ್ಮಲ್ಲಿ ಕೆಲಸದಲ್ಲಿದ್ದಾಳೆ ಎಂದು ಅವಳ ಕಂಪನಿ ಕೊಡುವ ಪ್ರಮಾಣಪತ್ರ.

ಅಂದು ಸಂಜೆ ಅಕ್ಕಿರೊಟ್ಟಿ ತಟ್ಟುತ್ತಲೇ ಅವನು ವಿಷಯ ಕೇಳಿಸಿಕೊಂಡ. ಇಲ್ಲಿಯ ಅಕ್ಕಿಹಿಟ್ಟು ಕಾವಲಿಗೆ ಅಂಟುತ್ತದೆ, ಅವನ ಸಿಟ್ಟೆಲ್ಲ ಮೊದಲು ರೊಟ್ಟಿಯ ಮೇಲೆ ಹೋಯಿತು.

"ಓನರ್ ಯಾರಾದ್ರೆ ನಿಂಗೇನು ಶೈಲೂ? ಸ್ಯಾಲರಿ ಬಂದ್ರೆ ಸಾಕಲ್ವಾ? ಸುಮ್ನೆ ಸೀಲ್ ಹಾಕ್ಬಿಡು."

"ನಾನು ಬರ್ದಿದ್ದನ್ನ ತಿದ್ದಿ ನನ್ನ ಕೈಲೇ ಸೀಲ್ ಹಾಕಿಸ್ತಿದಾರೆ. ಆಮೇಲೆ ಯಾರಾದ್ರೂ ಕೇಳಿದ್ರೆ, ಓದಿದ್ದು ಇಂಡಿಯಾದವಳು, ಅವಳೇ ಹಾಗಂದ್ಳು ಅಂತಾರೆ."

"ಯಾರೂ ಕೇಳಲ್ಲ."

"ಅದೇ ನನ್ನ ಸಿಟ್ಟು. ಯಾರೂ ಕೇಳ್ಬಾರ್ದು ಅಂತಾನೇ ಆ ಸಾಲು ಬದಲಾಯ್ಸಿರೋದು."

ಅವಳ ಸಿಟ್ಟಿಗೆ ಕಾರಣವಿತ್ತು. ಎಳೆಗೂಸುಗಳಿಗೆ ಬರುವ ಒಂದು ಬಗೆಯ ಸೆಳವನ್ನು ನಿಲ್ಲಿಸುವ ಇಂಜೆಕ್ಷನ್ ಈ ಕಂಪನಿಯಲ್ಲಿ ತಯಾರಾಗುತ್ತಿತ್ತು. ಲಾಭ ಅಷ್ಟಕ್ಕಷ್ಟೇ, ದೇಶದಲ್ಲಿ ಅದನ್ನು ಮಾಡುವವರು ಇವರೊಬ್ಬರೇ. ಪ್ರತಿ ಬ್ಯಾಚಿನ ಮೇಲೂ ಆರು ವರ್ಷದಿಂದ ಶೈಲಜಾಳ ಕಣ್ಣಿತ್ತು. ನಾಳೆ ಅದು ಎಲ್ಲಿಗೆ ಹೋಗಬೇಕು, ಎಷ್ಟು ಹೋಗಬೇಕು ಎಂದು ತೀರ್ಮಾನಿಸುವವರು ಯಾರು ಎಂಬುದು ಆ ಒಂದು ಸಾಲಿನಲ್ಲಿತ್ತು. ಸಾಲು ಸರಿಯಾಗಿದ್ದರೆ ಸರ್ಕಾರಿ ಕಚೇರಿಯವರು ಪ್ರಶ್ನೆ ಕೇಳಿಯಾರು, ಇಂತಿಷ್ಟು ಇಲ್ಲೇ ಉಳಿಯಬೇಕೆಂದು ಬರೆಸಿಕೊಂಡಾರು. ಇದನ್ನು ಹೇಳಿದರೆ ಹರಿಹರ, ಕಡತದ ಕಡೆ ಕೈ ತೋರಿಸಿ, ಇದರಲ್ಲಿ ನಮ್ಮ ಆರು ವರ್ಷ ಇದೆ ಎಂದ. ನಿಧಿ ರೊಟ್ಟಿಯಿಂದ ತಲೆಯೆತ್ತದೆ, "ಐ ಕಾಂಟ್ ಈವನ್ ರೈಟ್ ಕನ್ನಡ ಪ್ರಾಪರ್ಲಿ. ಬೆಂಗಳೂರಲ್ಲಿ ಯಾವ ಕ್ಲಾಸ್ಗೆ ಹೋಗ್ಲಿ?" ಎಂದಳು. ಶೈಲಜಾ ಮಗಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಚಂದ್ರಪ್ರಭಾ ರೊಟ್ಟಿ ಮುರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಅವರು ಬೆಂಗಳೂರಿನ ಒಂದು ಸರ್ಕಾರಿ ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು ನಿವೃತ್ತರಾದವರು. ಸರ್ಕಾರ ಎಂದರೆ ಅವರಿಗೆ ಪಿಂಚಣಿ ಕೊಡುವ ದೇವರು. ಸರ್ಕಾರದ ಕೈಯಲ್ಲಿದ್ದರೆ ಆಗುವ ನಷ್ಟವೇನು, ನಮ್ಮ ಫ್ಯಾಕ್ಟರಿಯೂ ಸರ್ಕಾರದ್ದೇ ತಾನೇ ಎಂದು ಸೊಸೆಯನ್ನು ಕೇಳಿದರು.

"ನಿಮ್ಮದು ನಿಮ್ಮೂರಿನ ಸರ್ಕಾರ ಅತ್ತೆ. ಓಟು ಹಾಕಿದೋರು ನೀವೇ. ಬೋರ್ಡ್ ಮೇಲೂ ಹಾಗಂತ ಬರ್ದಿತ್ತು. ಇಲ್ಲಿ ಬರೀಬೇಡ ಅಂತಿದಾರೆ."

ಅತ್ತೆ ತಟ್ಟೆ ಎತ್ತಿಕೊಂಡು ಎದ್ದರು. ಕೈ ತೊಳೆದು ಬಂದ ಮೇಲೆ ತಾವಾಗಿಯೇ ಒಂದು ಹಳೆಯ ಕಥೆ ತೆಗೆದರು. ಒಂದು ಬೇಸಿಗೆಯಲ್ಲಿ ಅವರ ಜನರಲ್ ಮ್ಯಾನೇಜರಿಗೆ ಸರ್ಕಾರದ ಮೇಲಿನವರಿಂದ ಫೋನು ಬಂತಂತೆ. ಗಾಜಿನ ಕೋಣೆ, ಪ್ಯಾಕಿಂಗ್ ಹಾಲಿನಿಂದ ಎಲ್ಲ ಕಾಣುತ್ತಿತ್ತು. ಯಾರಿಗೂ ತಲೆಬಾಗದ ಆ ಮನುಷ್ಯ ಫೋನು ಕೈಗೆತ್ತಿಕೊಂಡವನೇ ಎದ್ದು ನಿಂತ, ಮಾತು ಮುಗಿಯುವ ತನಕ ನಿಂತೇ ಇದ್ದ. ಮಧ್ಯಾಹ್ನದೊಳಗೆ ಪೆಟ್ಟಿಗೆಗಳ ಮೇಲಿನ ಲೇಬಲ್ ಬದಲಾಯಿತು. ಹನ್ನೊಂದು ಜಿಲ್ಲೆಗೆ ಹೋಗಬೇಕಿದ್ದ ವಾಂತಿಭೇದಿ ಔಷಧಿಯೆಲ್ಲ ಒಂದೇ ಜಿಲ್ಲೆಗೆ ಹೋಯಿತು. ಅಲ್ಲಿ ಉಪಚುನಾವಣೆಯಿತ್ತು.

"ಲೇಬಲ್ ಅಂಟಿಸ್ತಿದ್ದ ನಮಗೆ ಮೊದ್ಲು ಗೊತ್ತಾಗಿದ್ದು. ಪೇಪರ್‌ನೋರಿಗೆ ಗೊತ್ತಾಗೋಷ್ಟ್ರಲ್ಲಿ ತಿಂಗಳಾಗಿತ್ತು" ಎಂದು ಹೇಳಿ, ಮಾತು ಸೊಸೆಯ ಕಡೆಗೇ ಬಂತೆಂದು ಹೊಳೆದು ಉಳಿದ ತಟ್ಟೆಗಳನ್ನು ಒಟ್ಟುಮಾಡತೊಡಗಿದರು. ಆಮೇಲೆ, ಏನೇ ಆಗಲಿ ಮುದ್ರೆ ಒತ್ತಿಬಿಡು, ಮನೆ ಮುಖ್ಯ ಎಂದು ಮಗನ ಪಕ್ಷವನ್ನೇ ಹಿಡಿದರು.

ಆ ವಾರದ ಬುಧವಾರ ಕೊಳ್ಳುವವರ ಕಡೆಯಿಂದ ಸುನ್-ಸಾನ್ ಎಂಬ ಹೆಂಗಸು ಕಾರ್ಖಾನೆ ನೋಡಲು ಬಂದರು. ಐವತ್ತರ ಆಸುಪಾಸು, ಯಂತ್ರದ ಒಂದೊಂದು ಮೊಳೆಯನ್ನೂ ಬಲ್ಲ ಎಂಜಿನಿಯರ್. ಅವರನ್ನು ಸುತ್ತಾಡಿಸುವ ಕೆಲಸವೂ ಇಂಗ್ಲಿಷಿನ ದೆಸೆಯಿಂದ ಶೈಲಜಾಳಿಗೇ ಬಿತ್ತು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಕೂತು ಡಬ್ಬಿ ಬಿಚ್ಚಿದರು. ಹರಿಹರ ಕಟ್ಟಿಕೊಟ್ಟಿದ್ದ ಚಿತ್ರಾನ್ನದಲ್ಲಿ ಅರ್ಧ ಸುನ್-ಸಾನ್‌ಗೆ ಹೋಯಿತು. ಆ ಹೆಂಗಸು ಇಂಜೆಕ್ಷನ್ ಲೈನಿನ ಬಗ್ಗೆ ಆಡಿದ ಮಾತಿನಲ್ಲಿ ನಿಜವಾದ ಗೌರವವಿತ್ತು. ಶೈಲಜಾಗೆ ತಡೆಯಲಾಗಲಿಲ್ಲ, ನಕ್ಷೆಯ ಮೇಲಿನ ಚೌಕದ ಬಗ್ಗೆ ಕೇಳಿಯೇಬಿಟ್ಟಳು.

ಸುನ್-ಸಾನ್ ಕಡಲೆಬೀಜ ಅಗಿಯುವುದನ್ನು ನಿಲ್ಲಿಸಿದರು. ಯಂತ್ರದ ಬಗ್ಗೆ ಏನು ಬೇಕಾದರೂ ಕೇಳಿ, ಆ ಚೌಕದ ಬಗ್ಗೆ ಮಾತ್ರ ಕೇಳಬೇಡಿ, ನನಗೂ ಗೊತ್ತಿಲ್ಲ ಎಂದರು. ಇನ್ನೊಂದು ತುತ್ತು ತಿಂದು ತಾವೇ ಮುಂದುವರಿಸಿದರು. ಅಲ್ಲಿಂದ ಫೋನು ಬಂದರೆ ನಮ್ಮ ಅಧ್ಯಕ್ಷರು ಎದ್ದು ನಿಂತು ಮಾತಾಡುತ್ತಾರೆ, ನನಗೆ ಗೊತ್ತಿರುವುದು ಅಷ್ಟೇ ಎಂದು ಹೇಳಿ, ಚಿತ್ರಾನ್ನ ಮಾಡುವ ಬಗೆ ಕೇಳಿ ಬರೆದುಕೊಂಡರು.

ಮನೆಗೆ ಬಂದು ಇದನ್ನು ಹೇಳಿದಾಗ ಚಂದ್ರಪ್ರಭಾ ಕೈಯಲ್ಲಿದ್ದ ಸೊಪ್ಪು ಬಿಡಿಸುವುದನ್ನು ಬಿಟ್ಟು ಸೊಸೆಯ ಮುಖ ನೋಡಿದರು. ಹರಿಹರ ಮಾತ್ರ, ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟೆಯಾ ಎಂದು ಕೇಳಿದ. ಕೊಟ್ಟಿದ್ದೇನೆ, ತಿಂಗಳ ಕೊನೆಗೆ ಸಿಗುತ್ತದಂತೆ ಎಂದಳು. ಹಾಗಾದರೆ ಅಲ್ಲಿಯವರೆಗಾದರೂ ತಂಟೆ ಬೇಡ ಎಂದ. ಅಡುಗೆಮನೆಯಲ್ಲಿ ಎರಡು ದಿನ ಗಂಡ ಹೆಂಡಿರ ನಡುವೆ ಉಪ್ಪು, ಎಣ್ಣೆ, ಕಸದ ಚೀಲ ಎಂಬಷ್ಟು ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ಶುಕ್ರವಾರ ಶೈಲಜಾ ಮುದ್ರೆ ತೆಗೆದಳು. ಕೆಂಪು ಚುಕ್ಕೆ ತನ್ನ ಕಡೆಗೆ, ಬುಡಕ್ಕೆ ಬರುವ ಹಾಗೆ ತಿರುಗಿಸಿಕೊಂಡು, ಗಟ್ಟಿಯಾಗಿ ಒತ್ತಿ, ಕಾಗದವನ್ನು ಒನುಕಿ-ಸಾನ್ ಅವರ ಮೇಜಿನ ಮೇಲಿಟ್ಟು ಬಂದಳು. ಈ ಸಲ ಕೈತಪ್ಪಿರಲಿಲ್ಲ.

ಯಾರೂ ಏನೂ ಅನ್ನಲಿಲ್ಲ. ಸೋಮವಾರವೂ ಅನ್ನಲಿಲ್ಲ, ಮಂಗಳವಾರವೂ ಅನ್ನಲಿಲ್ಲ. ಮಾಪಿನ ಕಾಗದಕ್ಕೆ ಚಹಾಕ್ಕಾದರೂ ಕರೆದಿದ್ದರು. ಈಗ ಅದೂ ಇಲ್ಲ. ದಿನವೂ ಬೆಳಗಿನ ನಮಸ್ಕಾರದ ಅದೇ ಮರ್ಯಾದೆಯ ಓಹಯೋ, ಅದೇ ಬಾಗಿದ ತಲೆಗಳು. ಇವರು ನನ್ನನ್ನು ಬೈದರೂ ಚೆನ್ನಾಗಿತ್ತು ಎಂದು ಅವಳು ಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿದಳು. ಹರಿಹರನಿಗೆ ವಿಷಯ ಗೊತ್ತಾದದ್ದು ಹಾಗೆ.

"ಉಲ್ಟಾ ಹಾಕಿದ್ಯಾ? ಇದೇನು ಫ್ರಿಜ್ ಮೇಲಿನ ಉಪ್ಪಿಟ್ಟಾ?"

"ಉಪ್ಪಿಟ್ಟು ಬೇಡ ಅನ್ನೋಕೆ ನಿನ್ನ ಮಗಳಿಗೆ ಒಂದು ಚೌಕ ಇದೆ. ನಂಗೂ ಅಷ್ಟೇ ಇದ್ದಿದ್ದು."

ಅವನು ಕೈಯಲ್ಲಿದ್ದ ಸೌಟನ್ನು ಸಿಂಕಿಗೆ ಎಸೆದು ಮೂಲೆಯ ಕೊಂಬಿನಿ ಅಂಗಡಿಗೆ ಹಾಲು ತರುವ ನೆಪದಲ್ಲಿ ಹೊರಟುಹೋದ. ಹಾಲು ಮನೆಯಲ್ಲಿ ಎರಡು ಪೊಟ್ಟಣ ಇತ್ತು.

ಮಾರ್ಚ್ ಮಧ್ಯದಲ್ಲಿ ನಕಲು ತೆಗೆಯುವ ಯಂತ್ರದ ಪಕ್ಕದಲ್ಲಿ ಶೈಲಜಾ ಒಂದು ಕಾಗದ ನೋಡಿದಳು. ಅದೇ ಸಾರಾಂಶ, ಅದೇ ಖಾಸಗಿ ಕಂಪನಿ. ತಲೆಯಲ್ಲಿ ಮಾತ್ರ ಏಳರ ಬದಲು ಆರು ಚೌಕ. ಬಲತುದಿಯ ಚೌಕವನ್ನೇ ತೆಗೆದು ಹೊಸದಾಗಿ ಅಚ್ಚು ಮಾಡಿದ್ದರು. ಆರೂ ಚೌಕ ತುಂಬಿತ್ತು. ಈಗ ಮೊದಲನೆಯದು ಒನುಕಿ-ಸಾನ್ ಅವರ ಮುದ್ರೆ, ಮೇಲಿನವರ ಕಡೆಗೆ ಬಗ್ಗಿ ಬಗ್ಗಿ ಇನ್ನೇನು ಮಲಗಿಬಿಡುವಷ್ಟು ಓರೆ.

ಅವಳು ನೇರ ಅವರ ಮೇಜಿಗೆ ಹೋದಳು. ಸುಮಿಮಾಸೆನ್, ಕ್ಷಮಿಸಿ, ಎಂದು ಆ ಕಾಗದವನ್ನು ಅವರ ಮುಂದಿಟ್ಟಳು. ಒನುಕಿ-ಸಾನ್ ಸುತ್ತ ನೋಡಿ, ಕೆಳಗಿನ ಡ್ರಾಯರ್ ಎಳೆದು ಒಂದು ಪ್ಲಾಸ್ಟಿಕ್ ಕಡತ ತೆರೆದರು. ಅದರಲ್ಲಿ ಏಳು ಚೌಕದ ಹಳೆಯ ಕಾಗದವಿತ್ತು. ಬಲತುದಿಯಲ್ಲಿ ಅವಳ ತಲೆಕೆಳಗಾದ ಮುದ್ರೆ. ಅದರ ಪಕ್ಕದಲ್ಲಿ ಅವರದು, ಅದೂ ತಲೆಕೆಳಗು. ಉಳಿದ ಐದು ಚೌಕ ಖಾಲಿ.

ಮೂವತ್ತೊಂದು ವರ್ಷದಲ್ಲಿ ನಾನು ತಲೆಕೆಳಗಾಗಿ ಒತ್ತಿದ್ದು ಇದು ಮೊದಲನೆಯದು ಎಂದರು. ಮೂರನೆಯ ಮೇಜಿನಿಂದ ವಾಪಸು ಬಂತು, ನನಗೆ ಕೂಡ ಮನೆಯಿದೆ, ಶೈಲಜಾ-ಸಾನ್ ಎಂದು ಹೇಳಿ ಡ್ರಾಯರ್ ಮುಚ್ಚಿದರು. ಅವಳಿಗೆ ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ, ಸಮಾಧಾನ ಹೇಳಲೂ ಆಗಲಿಲ್ಲ. ಜಪಾನಿನಲ್ಲಿ ಒಂದು ಮಾಪು ಕೊಳ್ಳಲು ಎರಡು ತಿಂಗಳು ಬೇಕು. ಕಂಪನಿ ಮಾರಲು ಅದಕ್ಕಿಂತ ಹೆಚ್ಚೇನೂ ಬೇಕಾಗಲಿಲ್ಲ.

ಏಪ್ರಿಲ್ ಒಂದನೆಯ ತಾರೀಖು ಇಲ್ಲಿ ವರ್ಗಾವಣೆಗಳ ದಿನ. ಅದರ ಹಿಂದಿನ ವಾರ ಪ್ರಮಾಣಪತ್ರ ಬಂತು. ಹರಿಹರ ಲಕೋಟೆ ಒಡೆದು, ಮುಖವರಳಿಸಿ, "ನೋಡಿದ್ಯಾ, ಏನೂ ಆಗ್ಲಿಲ್ಲ" ಎಂದ. ಆಮೇಲೆ ಪೂರ್ತಿ ಓದಿದ. ಹುದ್ದೆ ಎಂಬಲ್ಲಿ ಗುಣಮಟ್ಟ ವಿಭಾಗ ಎಂದಿರಲಿಲ್ಲ, ಪ್ಯಾಕಿಂಗ್ ವಿಭಾಗ ಎಂದಿತ್ತು. ಸಂಬಳ ಅದೇ, ಕಂಪನಿ ಅದೇ, ಅರ್ಜಿಗೆ ಯಾವ ತೊಡಕೂ ಇಲ್ಲ. ಬ್ಯಾಚು ಪರೀಕ್ಷಿಸುತ್ತಿದ್ದವಳು ಇನ್ನು ಮುಂದೆ ಪೆಟ್ಟಿಗೆ ತುಂಬಬೇಕು, ಅಷ್ಟೇ. ಕಾರಣ ಬರೆದಿರಲಿಲ್ಲ. ಇಲ್ಲಿ ಕಾರಣ ಬರೆಯುವ ರೂಢಿಯಿಲ್ಲ.

ಶೈಲಜಾ ಅಂದು ಮನಸ್ಸು ತುಂಬ ಅತ್ತಳು. ಡಾಕ್ಟರೇಟ್ ಮಾಡಿದ್ದು ಟೇಪು ಅಂಟಿಸಲಿಕ್ಕಾ ಎಂದು ಬಾಯಿಗೆ ಬಂದಿತು, ಎದುರಿಗೆ ಕೂತವರು ಯಾರೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಚಂದ್ರಪ್ರಭಾಗೆ ಅರ್ಥವಾಗದೆ ಇರಲಿಲ್ಲ. ಅವರು ಮೂಸಂಬಿಯಂಥ ಇಲ್ಲಿಯ ಹಣ್ಣೊಂದನ್ನು ಸುಲಿದು ಸೊಸೆಯ ಮುಂದಿಟ್ಟರು.

"ಟೇಪ್ ಅಂಟ್ಸಿದ ದುಡ್ಡಲ್ಲೇ ನಿನ್ನ ಗಂಡ ಓದಿದ್ದು. ಅದಿರ್ಲಿ. ನೀನು ಮುದ್ರೆ ಒತ್ತು ಅಂದೆ ನಾನು, ನನ್ನ ತಪ್ಪು. ಈಗ ಕೇಳು. ಪೆಟ್ಟಿಗೆ ಎಲ್ಲಿಗೆ ಹೋಗತ್ತೆ ಅಂತ ಪ್ಯಾಕಿಂಗ್‌ನೋರಿಗೆ ಮೊದ್ಲು ಗೊತ್ತಾಗೋದು. ಲೇಬಲ್ ನೋಡ್ಕೋತಾ ಇರು. ಬಾಯಿ ಬಿಡ್ಬೇಡ, ಕಣ್ಣು ಬಿಟ್ಕೊಂಡಿರು."

ಏಪ್ರಿಲ್ ಒಂದರಿಂದ ಶೈಲಜಾ ನೀಲಿ ಟೋಪಿಯೊಳಗೆ ಕೂದಲು ಸೇರಿಸಿ ನಿಂತೇ ದುಡಿದಳು. ಅತ್ತೆ ಹೇಳಿಕೊಟ್ಟ ಹಾಗೆ ಒಂದೊಂದು ಗಂಟೆಗೆ ಕಾಲು ಬದಲಿಸುತ್ತಿದ್ದಳು. ಸಂಜೆ ಸೈಕಲ್ ನಿಲ್ಲಿಸಿ ಒಳಗೆ ಬಂದರೆ ಚಂದ್ರಪ್ರಭಾ, ಇವತ್ತು ಯಾವೂರು ಎಂದು ಕೇಳುತ್ತಿದ್ದರು. ಸೆಂಡೈ, ನಗೋಯಾ, ಫುಕುವೋಕಾ ಎಂದು ಸೊಸೆ ಹೇಳುತ್ತಿದ್ದಳು. ಮೂರೂ ಊರಿನಲ್ಲಿ ಔಷಧ ಹಂಚುವ ಗೋದಾಮುಗಳಿದ್ದವು. ಅತ್ತೆ ತಲೆಯಾಡಿಸಿ ಕಾಫಿಗೆ ಏಳುತ್ತಿದ್ದರು. ಹರಿಹರ ಇದನ್ನು ಅತ್ತೆ ಸೊಸೆಯರ ಹೊಸ ಹುಚ್ಚು ಎಂದು ಹಾಸ್ಯ ಮಾಡುತ್ತಿದ್ದ. ಅರ್ಜಿ ಸಲ್ಲಿಸಿ ಬಂದ ಮೇಲೆ ಅವನ ಅಡುಗೆಗೂ ರುಚಿ ಬಂದಿತ್ತು. ಏಪ್ರಿಲ್ ಕೊನೆಗೆ ಕಂಪನಿ ಕೈ ಬದಲಾಯಿತು. ಕೇಕು ಹಂಚಿದರು. ಸರ್ಕಾರಿ ಕಚೇರಿಯವರು ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ, ಕೇಳುವಂಥದ್ದೇನೂ ಕಾಗದದಲ್ಲಿ ಇರಲಿಲ್ಲ.

ಮೇ ಹದಿನಾಲ್ಕರ ಗುರುವಾರ ಚಂದ್ರಪ್ರಭಾರ ಸೂಟ್‌ಕೇಸು ಹಾಲಿನ ನಡುವೆ ಬಾಯಿ ತೆರೆದು ಬಿದ್ದಿತ್ತು. ಇನ್ನು ಐದು ದಿನಕ್ಕೆ ಅವರ ವೀಸಾ ಮುಗಿಯುತ್ತಿತ್ತು. ಹರಿಹರ ಒಲೆಯ ಮುಂದೆ ಬಸ್ಸಾರು ಕುದಿಸುತ್ತಿದ್ದ. ನಿಧಿ ಹೋಂವರ್ಕ್ ಹರಡಿಕೊಂಡಿದ್ದಳು. ಶೈಲಜಾ ಒಳಗೆ ಬಂದು, ಚಪ್ಪಲಿ ಬಿಟ್ಟು, ಅಲ್ಲೇ ಮೆಟ್ಟಿಲ ಮೇಲೆ ಕೂತಳು.

"ಇವತ್ತು ಯಾವೂರು?" ಎಂದರು ಚಂದ್ರಪ್ರಭಾ.

ಶೈಲಜಾ ಒಂದು ಪ್ರಾಂತ್ಯದ ಹೆಸರು ಹೇಳಿದಳು. ನಕ್ಷೆಯ ಎಲ್ಲಕ್ಕಿಂತ ಮೇಲಿನ ಚೌಕದಲ್ಲಿದ್ದ ಹೆಸರು ಅದು. ಬೆಳಿಗ್ಗೆ ಫೋನು ಬಂದಿತ್ತು. ಕಾರ್ಖಾನೆಯ ಮುಖ್ಯಸ್ಥರು ಎದ್ದು ನಿಂತು ಮಾತಾಡಿದ್ದನ್ನು ಅವಳು ಪ್ಯಾಕಿಂಗ್ ಹಾಲಿನ ಕಿಟಕಿಯಿಂದಲೇ ಕಂಡಿದ್ದಳು. ಊಟದ ಹೊತ್ತಿಗೆ ಎಳೆಗೂಸುಗಳ ಇಂಜೆಕ್ಷನ್ ಪೆಟ್ಟಿಗೆಗಳಿಗೆ ಹೊಸ ಲೇಬಲ್‌ಗಳ ಸುರುಳಿ ಬಂತು. ಅಲ್ಲಿ ಆಸ್ಪತ್ರೆಗಳಲ್ಲಿ ಕೊರತೆಯಾಗಿದೆಯಂತೆ, ತುರ್ತಂತೆ.

ನಿಧಿ ಪೆನ್ಸಿಲ್ ಕೆಳಗಿಟ್ಟಳು. "ಬಟ್ ಅಮ್ಮ, ಅಲ್ಲೂ ಬೇಬೀಸ್ ಇರ್ತಾರಲ್ವಾ?"

"ಇರ್ತಾರೆ ಪುಟ್ಟಾ. ಅವರಿಗೂ ಬೇಕು. ಅರ್ಧ ಕಳಿಸಿದ್ರೆ ನಾನೇ ಖುಷಿಯಿಂದ ಟೇಪ್ ಹಾಕ್ತಿದ್ದೆ."

ಹರಿಹರ ಸೌಟು ಹಿಡಿದೇ ತಿರುಗಿದ. "ಎಷ್ಟು ಬಾಕ್ಸು?"

"ಅಷ್ಟೂ."

"ಮತ್ತೆ ಸೆಂಡೈಗೆ?"

"ಮುಂದಿನ ಬ್ಯಾಚಿಗೆ ಏಳು ವಾರ ಬೇಕು. ಅದೂ ಎಲ್ಲಿಗೆ ಅಂತ ಗೊತ್ತಿಲ್ಲ."

ಬಸ್ಸಾರು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅವನು ಒಲೆ ಆರಿಸಿದ, ಬಟ್ಟೆ ತೆಗೆದುಕೊಂಡ, ಒರೆಸಲಿಲ್ಲ. ಮೇಜಿನ ತುದಿಯಲ್ಲಿ ಕಾಯಂ ವಾಸದ ಅರ್ಜಿ ತಲುಪಿದ ರಸೀತಿ ಉಪ್ಪಿನಕಾಯಿ ಬಾಟಲಿಗೆ ಒರಗಿತ್ತು. ಅದರ ಕಡೆ ಒಮ್ಮೆ, ಹೆಂಡತಿಯ ಕಡೆ ಒಮ್ಮೆ ನೋಡಿದ.

"ಇದನ್ನ ಯಾರನ್ನ ಕೇಳೋದು ಶೈಲೂ?" ಎಂದ.

ಫೆಬ್ರವರಿಯಿಂದ ಅವಳು ಕೇಳುತ್ತಿದ್ದುದೂ ಅದನ್ನೇ. ಅವಳು ಎದ್ದು ಹೋಗಿ ಅವನ ಕೈಯಿಂದ ಬಟ್ಟೆ ತೆಗೆದುಕೊಂಡು ಒಲೆ ಒರೆಸತೊಡಗಿದಳು.